ಎಡಗಡೆಯ ಖಾಲಿ ಜಾಗ

ಬೆರಳ ಗೆಣ್ಣಿನಿಂದ ಒಂದು ತಟ್ಟು. ಸದ್ದು ಪೂರ್ತಿ ಅಡಗುವವರೆಗೆ ಕಿವಿಗೊಟ್ಟು ನಿಲ್ಲುವುದು. ಆಮೇಲೆ ಅದೇ ಜಾಗದ ಮೇಲೆ ಇನ್ನೊಂದು ತಟ್ಟು.

ಶಿವಾಜಿನಗರದ ಆ ಅಂಗಡಿಯಿಂದ ಯಾವ ಪಾತ್ರೆಯೂ ಹೀಗೆ ತಟ್ಟಿಸಿಕೊಳ್ಳದೆ ಹೊರಗೆ ಹೋಗುತ್ತಿರಲಿಲ್ಲ. ಮದುವೆ, ನಾಮಕರಣಗಳಿಗೆ ದೇಗ್ಚಿ, ಕೊಳಗ, ಕುರ್ಚಿಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಅದು. ಬಿರುಕು ಬಿಟ್ಟಿದೆಯೇ ಎಂದು ತಟ್ಟಿ ನೋಡುತ್ತಿದ್ದವರು ಕೌಂಟರಿನಲ್ಲಿ ಬುಕಿಂಗ್ ತೆಗೆದುಕೊಳ್ಳುತ್ತಿದ್ದ ಹೆಂಗಸು. ಜೋಗುಪಾಳ್ಯದಿಂದ ಬರುತ್ತಿದ್ದರು, ಮಾಲೀಕರ ತಂದೆಯ ಕಾಲದಿಂದಲೂ ಅಲ್ಲಿದ್ದರು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ಅದು ತೊಂಬತ್ತರ ದಶಕದ ಕೊನೆ. ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ಇಂದಿರಾನಗರದ ಒಂದು ಸಣ್ಣ ಕಚೇರಿಗೆ ಸೇರಿದ್ದೆ. ಅಂಗಡಿಗಳಿಗೆ, ಕ್ಲಿನಿಕ್‌ಗಳಿಗೆ ಡೇಟಾಬೇಸ್ ಮಾಡಿಕೊಡುವುದು ನಮ್ಮ ಕೆಲಸ. ಅದರಲ್ಲಿ ನನ್ನ ಪಾಲಿಗೆ ಬಂದದ್ದು ಮೆನುಗಳು. ಕಂಪ್ಯೂಟರನ್ನು ಎಂದೂ ಮುಟ್ಟದವರ ಮುಂದೆ ನಾಲ್ಕೈದು ಗುಂಡಿಗಳಿರುವ ಒಂದು ಪುಟ ತೆರೆಯಬೇಕು. ಯಾವ ಗುಂಡಿ ಒತ್ತಿದರೆ ಎಲ್ಲಿಗೆ ಹೋಗುತ್ತೇವೆಂದು ಅವರಿಗೆ ಕೇಳದೆಯೇ ತಿಳಿಯಬೇಕು. ಹೆಚ್ಚು ಮಾತಿಲ್ಲದೆ ಯಾರಿಗೋ ದಾರಿ ತೋರಿಸುವ ಕೆಲಸ. ನನ್ನ ಸ್ವಭಾವಕ್ಕೆ ಅದು ಒಗ್ಗಿತ್ತು.

ನಮ್ಮ ಪ್ರೋಗ್ರಾಂ ಹಾಕಿಕೊಟ್ಟ ಮೇಲೆ ಆ ಅಂಗಡಿಯಲ್ಲಿ ಬುಕಿಂಗ್‌ಗಳು ರದ್ದಾಗತೊಡಗಿದವು. ಯಾರೂ ರದ್ದು ಮಾಡಿದ್ದಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಕೆ.ಆರ್. ಪುರದ ಒಂದು ನಿಶ್ಚಿತಾರ್ಥಕ್ಕೆ ಗಾಡಿಯೇ ಹೋಗಲಿಲ್ಲ. ಅಡುಗೆಯವರು ಒಲೆ ಹೂಡಿಕೊಂಡು ಪಾತ್ರೆಗೆ ಕಾದರು. ಮಧ್ಯಾಹ್ನ ಮಾಲೀಕರ ಫೋನು ಬಂದು ನಾನು ಹೋಗುವ ಹೊತ್ತಿಗೆ ಅವರು ತೀರ್ಮಾನ ಮಾಡಿಯಾಗಿತ್ತು.

"ಕಂಪ್ಯೂಟರ್ ಬಂದ್ಮೇಲೆ ನಮ್ ದೇಗ್ಚಿ ಕಾಣೆ ಆಗಿಲ್ಲ ಮೇಡಂ, ಗಿರಾಕಿನೇ ಕಾಣೆ ಆಗ್ತವ್ರೆ," ಎಂದರು. "ನಾಳೆಯಿಂದ ನನ್ ತಂಗಿ ಸೊಸೆ ಕೌಂಟರ್‌ಗೆ ಬರ್ತಾಳೆ, ಕೋರ್ಸ್ ಮಾಡವಳೆ. ಅಕ್ಕ ಗೋಡೌನ್ ನೋಡ್ಕೊಳ್ಲಿ."

ಗೋಡೌನ್ ಎಂದರೆ ವಾಪಸ್ ಬಂದ ಪಾತ್ರೆಗಳನ್ನು ತೊಳೆಸುವ ಹಿತ್ತಲು. ದಿನವಿಡೀ ಒದ್ದೆ ನೆಲದ ಮೇಲೆ ಬಗ್ಗಿ ಏಳಬೇಕು. ಅಕ್ಕನಿಗೆ ಬಸ್ಸಿನ ಮೆಟ್ಟಿಲು ಹತ್ತುವುದೇ ಕಷ್ಟವಿತ್ತು. ಮಾಲೀಕರು ಒಳಗೆ ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿ, "ನಾನೊಂದೂ ಅಳಿಸಿಲ್ಲಮ್ಮ. ಆದ್ರೆ ಕೂತಿರೋಳು ನಾನೊಬ್ಳೇ ಅಲ್ವಾ, ಇನ್ಯಾರನ್ನ ಅನ್ಲಿ?" ಎಂದರು.

ನಾನು ಅದೇ ಕುರ್ಚಿಯಲ್ಲಿ ಕೂತು ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದೆ. ಎಲ್ಲವೂ ಸರಿಯಾಗಿತ್ತು. ಮತ್ತೆ ನೋಡಿದೆ, ಮತ್ತೂ ಸರಿಯಾಗಿತ್ತು. ಅಷ್ಟರಲ್ಲಿ ಒಂದು ಕೊಳಗ ಹೊರಗೆ ಹೊರಟಿತ್ತು. ಅಕ್ಕ ಅದನ್ನು ಬಾಗಿಲಲ್ಲಿ ನಿಲ್ಲಿಸಿ ತಟ್ಟಿದರು, ಕಿವಿಗೊಟ್ಟರು, ಮತ್ತೆ ತಟ್ಟಿ ಕಳಿಸಿದರು. ಬಂದು ಕೂತು, ಬುಕಿಂಗ್ ಪುಟ ತೆರೆಯಲು ಮೌಸ್ ಹಿಡಿದರು. ಒತ್ತಿದರು, ಕಾದರು, ಮತ್ತೆ ಒತ್ತಿದರು.

ಮೊದಲ ಒತ್ತಿಗೆ ಬುಕಿಂಗ್ ಪುಟ ತೆರೆದುಕೊಂಡಿತು. ಎರಡನೆಯದು ಬೀಳುವ ಹೊತ್ತಿಗೆ ಮೆನುವಿನ ಗುಂಡಿ ಇದ್ದ ಜಾಗದಲ್ಲೇ ಹೊಸ ಪುಟದ 'ಕ್ಯಾನ್ಸಲ್' ಗುಂಡಿ ಬಂದು ನಿಂತಿತ್ತು. ಇಂಗ್ಲಿಷಿನಲ್ಲಿ ಏನೋ ಕೇಳುವ ಸಣ್ಣ ಚೌಕ ಎದ್ದಿತು. ಅಕ್ಕ ಓಕೆ ಒತ್ತಿದರು. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದ ಬುಕಿಂಗ್ ಅಳಿಸಿಹೋಯಿತು.

ಓಕೆ ಯಾಕೆ ಒತ್ತಿದಿರಿ ಎಂದು ಮೆಲ್ಲಗೆ ಕೇಳಿದೆ.

"ಡಬ್ಬಿ ಬಂದ್ರೆ ಓಕೆ ಒತ್ತಿ ಅಂತ ನಿಮ್ ಸಾರೇ ಹೇಳಿದ್ರಲ್ಲ," ಎಂದರು ಅಕ್ಕ. ಎರಡು ಸಲ ಒತ್ತುವುದನ್ನೂ ಸಾರೇ ಕಲಿಸಿದ್ದರು. ಪರದೆಯ ಮೇಲಿನ ಚಿತ್ರ ಒತ್ತಿ ನಮ್ಮ ಪ್ರೋಗ್ರಾಂ ತೆರೆಯಲು ಎರಡು ಒತ್ತು ಬೇಕಲ್ಲ. ಒಳಗೆ ಹೋದ ಮೇಲೆ ಒಂದೇ ಸಾಕು ಎಂದು ಯಾರೂ ಹೇಳಿರಲಿಲ್ಲ.

ಹೋದ ಬುಕಿಂಗನ್ನು ಮತ್ತೆ ಸೇರಿಸಿ ಇಂದಿರಾನಗರಕ್ಕೆ ವಾಪಸ್ ಬಂದೆ. ನಮ್ಮ ಸಾರ್, ಅಂದರೆ ಕಚೇರಿಯ ಯಜಮಾನರು, ಪೂರ್ತಿ ಕೇಳಿ ನಕ್ಕರು. ನಮ್ಮ ಎಲ್ಲ ಗಿರಾಕಿಗಳಿಗೂ ಒಂದೇ ಅಚ್ಚಿನ ಮೆನು. ಪ್ರತಿ ಪುಟದಲ್ಲೂ ಗುಂಡಿಗಳು ಎಡಗಡೆ, ಅದೇ ಸಾಲಿನಲ್ಲಿ. ನೋಡಲು ಚೆಂದವಾಗಿತ್ತು. ಒಬ್ಬರಿಗಾಗಿ ಅದನ್ನು ಒಡೆಯುವುದು ಅವರಿಗೆ ಬೇಡವಾಗಿತ್ತು.

"ಇದು ಯೂಸರ್ ಪ್ರಾಬ್ಲಂ. ಸಿಂಗಲ್ ಕ್ಲಿಕ್ ಕಲಿಸಿ ಬನ್ನಿ, ಆಯ್ತು," ಎಂದರು.

ಸಾಮಾನ್ಯವಾಗಿ ನಾನು ಅಲ್ಲಿಗೆ ಸುಮ್ಮನಾಗುವವಳು. ಆದರೆ ಆ ಕೈಯನ್ನು ನೋಡಿ ಬಂದಿದ್ದೆ. ಬಾಗಿಲಲ್ಲಿ ದಿನಕ್ಕೆ ಎಷ್ಟೋ ಸಲ ಎರಡು ತಟ್ಟು ತಟ್ಟುವ ಕೈ, ಪಕ್ಕದ ಮೇಜಿಗೆ ಬಂದ ಕೂಡಲೆ ಒಂದಕ್ಕೆ ನಿಲ್ಲುತ್ತದೆಯೇ? ಅದೂ ನಾಳೆಯೊಳಗೆ?

"ಕೈ ಬದಲಾಗಲ್ಲ ಸರ್," ಎಂದೆ. "ಗುಂಡಿ ಬದಲಾಗುತ್ತೆ."

ಅವರು ಕಚೇರಿ ಮುಚ್ಚುವುದರೊಳಗೆ ಆಗುವುದಾದರೆ ಮಾಡಿಕೊಳ್ಳಿ ಎಂದು ಎದ್ದು ಹೋದರು.

ನನಗೊಂದು ನಿಯಮ ಹಾಕಿಕೊಂಡೆ: ಮೆನುವಿನ ಗುಂಡಿಗಳು ಎಡಗಡೆಯೇ ಇರಲಿ, ಒಳಗಿನ ಯಾವ ಪುಟದಲ್ಲೂ ಎಡಗಡೆ ಏನೂ ಇರಬಾರದು. ಎರಡನೆಯ ತಟ್ಟು ಬಿದ್ದರೆ ಖಾಲಿ ಜಾಗದ ಮೇಲೆ ಬೀಳಲಿ. ರದ್ದು ಮಾಡುವ ಗುಂಡಿಯನ್ನು ಬಲಗಡೆಯ ಕೆಳಮೂಲೆಗೆ ಕಳಿಸಿದೆ. ಓಕೆ ಇದ್ದ ಚೌಕವನ್ನು ತೆಗೆದು, 'ಈ ಬುಕಿಂಗ್ ಬೇಡವೇ?' ಎಂದು ಕನ್ನಡದಲ್ಲೇ ಕೇಳುವ ಪುಟ ಮಾಡಿ, 'ಇರಲಿ', 'ಬೇಡ' ಎಂಬ ಎರಡು ಗುಂಡಿ ಇಟ್ಟೆ. ಮೆನುವಿನಲ್ಲಿ ಇಂಗ್ಲಿಷ್ ತೆಗೆದು ಅಂಗಡಿಯ ಮಾತನ್ನೇ ಬರೆದೆ: ಹೊಸ ಬುಕಿಂಗ್, ಹೊರಗೆ ಹೋಗೋದು, ವಾಪಸ್ ಬಂದದ್ದು. ಆಮೇಲೆ ಪ್ರತಿ ಗುಂಡಿಯನ್ನೂ ಅಕ್ಕನಂತೆಯೇ ಒತ್ತಿ, ಕಾದು, ಮತ್ತೆ ಒತ್ತಿದೆ. ಒಂದು ಪುಟದಲ್ಲಿ ಎಡಗಡೆ ಹುಡುಕುವ ಗುಂಡಿಯೊಂದು ಉಳಿದುಬಿಟ್ಟಿತ್ತು. ಅದನ್ನೂ ಎತ್ತಿ ಆಚೆ ಇಟ್ಟೆ. ಮನೆಗೆ ಹೋಗುವಾಗ ಟಿನ್ ಫ್ಯಾಕ್ಟರಿ ಬಳಿ ಬಸ್ಸು ಎಂದಿನಂತೆ ಸಿಕ್ಕಿಕೊಂಡಿತು. ಹೊಸ ಮೆನು ತುಂಬಿಸಿದ ಫ್ಲಾಪಿ ಇದ್ದ ಚೀಲವನ್ನು ತೊಡೆಯ ಮೇಲಿಟ್ಟು ಹಿಡಿದುಕೊಂಡೇ ಕೂತಿದ್ದೆ.

ಮರುದಿನ ಬೆಳಿಗ್ಗೆ ಮಾಲೀಕರು ಶಟರ್ ಎತ್ತುವಾಗ ನಾನು ಅಲ್ಲಿದ್ದೆ. ಸೊಸೆ ಬರುವುದರೊಳಗೆ ಒಂದೇ ಒಂದು ಬುಕಿಂಗ್ ತೆಗೆಯಲು ಅಕ್ಕನನ್ನು ಬಿಡಿ ಎಂದು ಕೇಳಿಕೊಂಡೆ. ಅವರು ಗಡಿಯಾರ ನೋಡಿ ತಲೆಯಾಡಿಸಿ, ಅಕ್ಕನ ಕುರ್ಚಿಯ ಹಿಂದೆ ಕೈಕಟ್ಟಿ ನಿಂತರು. ಫ್ಲಾಪಿಯಿಂದ ಹೊಸ ಮೆನು ಹಾಕಿ ನಾನು ಎದ್ದೆ. ಒಂದೇ ಸಲ ಒತ್ತಿ ಎಂದು ಅಕ್ಕನಿಗೆ ಹೇಳಲಿಲ್ಲ. ಕೌಂಟರಿನ ಆಚೆಗೆ, ಪರದೆ ಕಾಣದ ಕಡೆಗೆ ಹೋಗಿ ಗಿರಾಕಿಗಳ ಜಾಗದಲ್ಲಿ ನಿಂತು, ಎರಡು ದೊಡ್ಡ ದೇಗ್ಚಿ ಬೇಕು ಎಂದೆ.

ಮೌಸ್ ಸದ್ದಾಯಿತು. ಬಿಡುವು. ಮತ್ತೆ ಸದ್ದಾಯಿತು.

ಅಕ್ಕ ತಲೆ ಎತ್ತದೆ, "ಯಾವತ್ತಿಗಮ್ಮ?" ಎಂದರು.

ಮಾಲೀಕರು ಬುಕಿಂಗ್ ಯಾವುದೂ ಹೋಗಿಲ್ಲವೆಂದು ಪರದೆಯಲ್ಲಿ ನೋಡಿಕೊಂಡರು. ಆಮೇಲೆ ಫೋನ್ ಎತ್ತಿ, ಸೊಸೆ ಇವತ್ತು ಬರುವುದು ಬೇಡ ಎಂದು ತಂಗಿಗೆ ಹೇಳಿದರು. ನಾನು ಭಾನುವಾರಕ್ಕೆ ಎಂದು ದೇಗ್ಚಿ ಬುಕ್ ಮಾಡಿ, ಅದನ್ನು ರದ್ದು ಮಾಡಲು ಅಕ್ಕನಿಗೆ ಕಲಿಸಿ, ಕಚೇರಿಗೆ ಬಸ್ಸು ಹತ್ತಿದೆ.