ತಿರುಗಿ ಕೇಳಿದ ರವಿವಾರ

ತುಪ್ಪದಲ್ಲಿ ರವೆ ಹುರಿಯುವ ವಾಸನೆಗೆ ಎಲ್ಲರ ಬಾಯಲ್ಲೂ ನೀರೂರುತ್ತದಂತೆ. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ತೊಂಬತ್ತರ ದಶಕದಲ್ಲಿ ನಾವು ಪುಣೆಯ ಧನಕವಡಿಯ ಬಾಡಿಗೆಮನೆಯಲ್ಲಿದ್ದೆವು. ರವಿವಾರ ಬೆಳಿಗ್ಗೆ ಆ ವಾಸನೆ ಎದ್ದಿತೆಂದರೆ ಸುಧಾ ಅತ್ಯಾಳನ್ನು ನೋಡಲು ಗಂಡಿನ ಕಡೆಯವರು ಬರುತ್ತಿದ್ದಾರೆ ಎಂದೇ ಅರ್ಥ. ಸುಧಾ ಅತ್ಯಾ ನಮ್ಮಪ್ಪನ ತಂಗಿ. ಅಜ್ಜ ಧಾರವಾಡ ಬಿಟ್ಟು ಎಷ್ಟೋ ವರ್ಷವಾಗಿತ್ತು, ಆದರೆ ಧಾರವಾಡ ಅಜ್ಜನನ್ನು ಬಿಟ್ಟಿರಲಿಲ್ಲ. ಅವ್ವ ಆ ರವೆಯ ಸಿಹಿ ಶಿರಾ ಮಾಡಬೇಕು, ಅತ್ಯಾ ಅದೇ ನೇರಳೆ ಇಳಕಲ್ ಸೀರೆ ಉಡಬೇಕು, ತಲೆ ತಗ್ಗಿಸಿ ಜಮಖಾನದ ತುದಿಗೆ ಕೂಡಬೇಕು. ಬಂದವರು ಯಾರೇ ಇರಲಿ, ಪ್ರಶ್ನೆಗಳು ಮಾತ್ರ ಅವೇ: ಹಾಡಲಿಕ್ಕೆ ಬರ್ತದೇನವಾ? ಅಡಿಗಿ ಏನೇನು ಮಾಡ್ತಿ? ಒಂಚೂರು ನಡದು ತೋರಸು. ಅತ್ಯಾ ಹಾಡುತ್ತಿದ್ದಳು, ಹೇಳುತ್ತಿದ್ದಳು, ನಡೆಯುತ್ತಿದ್ದಳು. “ತಿಳಸ್ತೀವ್ರಿ” ಎಂದು ಹೋದವರು ಏನೂ ತಿಳಿಸುತ್ತಿರಲಿಲ್ಲ. ಮತ್ತೊಂದು ರವಿವಾರ ಮತ್ತೆ ರವೆ. ಹಾಡಿದ್ದೇ ಹಾಡೋ ಕಿಸಬಾಯಿದಾಸನಿಗೂ ಬೇಸರ ಬರಬೇಕು, ಹಾಗೆ. ಅತ್ತ ದೇಹೂ ರೋಡಿನ ಒಂದು ಶಾಲೆಯಲ್ಲಿ ಅವಳಿಗೆ ಗಣಿತದ ಟೀಚರ್ ಕೆಲಸ ಸಿಕ್ಕಿತ್ತು, ಜೂನ್‌ನಲ್ಲಿ ಹಾಜರಾಗಬೇಕಿತ್ತು. ಅಜ್ಜನದು ಒಂದೇ ಮಾತು: “ಮೊದಲು ಮದಿವಿ. ಆಮ್ಯಾಲೆ ಗಂಡನ ಮನಿಯವ್ರನ್ನ ಕೇಳಿ ಹೋಗು.”

ಅಂಥ ದಿನಗಳ ಸಂಜೆ ಅತ್ಯಾ ಸೀರೆ ಮಡಿಚಿಟ್ಟು, ನನ್ನನ್ನೂ ಅಣ್ಣನನ್ನೂ ಮಾಳಿಗೆಗೆ ಕರೆದುಕೊಂಡು ಹೋಗಿ, ಕಾತ್ರಜದ ಗುಡ್ಡಕ್ಕೆ ಮುಖ ಮಾಡಿ ಕೂತು ಕಥೆ ಹೇಳುತ್ತಿದ್ದಳು. ಅದು ಒಂದೇ ಕಥೆ. ಒಂದು ಕೋಟೆಯಲ್ಲಿ ಒಬ್ಬ ರಾಜಕುಮಾರ, ಅವನ ತಂಗಿ ರಾಜಕುಮಾರಿ. ಬೆಳಗಾದರೆ ಬಾಗಿಲಿಗೆ ಒಬ್ಬ ಗಡ್ಡದ ಮಾಂತ್ರಿಕ ಬರುತ್ತಾನೆ, ಪ್ರಶ್ನೆ ಕೇಳುತ್ತಾನೆ. ಮಕ್ಕಳು ಉತ್ತರ ಹೇಳುತ್ತಾರೆ. ಸಂಜೆ ಗಂಟೆ ಮೊಳಗುತ್ತದೆ. ಮರುದಿನ ಎದ್ದರೆ ಮತ್ತೆ ಅದೇ ದಿನ! ಅದೇ ಕೋಳಿ ಕೂಗು, ಅದೇ ಮಾಂತ್ರಿಕ. ಕುದುರೆ ಹತ್ತಿ ಏಳು ಗುಡ್ಡ ದಾಟಿದರೂ ಕಣ್ಣು ಬಿಟ್ಟಾಗ ಅದೇ ಹಾಸಿಗೆ. ಬಾವಿಯ ಸರ್ಪವನ್ನು ಕೊಂದರೂ ಬೆಳಿಗ್ಗೆ ಅದು ಬಾವಿಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಿರುತ್ತದೆ. ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು, ಆಮೇಲೆ ಹೆದರುತ್ತಿದ್ದೆವು. “ಮುಂದ ಹೆಂಗ ಪಾರಾದ್ರು?” ಎಂದರೆ ಅತ್ಯಾ, “ನನಗೂ ಗೊತ್ತಿಲ್ಲೋ. ಗೊತ್ತಾದ್ರ ನಿಮಗಽ ಮೊದಲು ಹೇಳ್ತೀನಿ” ಎನ್ನುತ್ತಿದ್ದಳು. ನಾನೇ ಆ ರಾಜಕುಮಾರಿ ಎಂದು ನಂಬಿದ್ದೆ. ಒಂದು ದಿನ ಅಣ್ಣ, ಹಲ್ಲುಜ್ಜುತ್ತಾ ಇದ್ದವನು, ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿ ಬಂದ. “ಆ ರಾಜಕುಮಾರ, ರಾಜಕುಮಾರಿ ಬರೇ ಉತ್ತರಾ ಕೊಡ್ತಾರಲೇ! ಆ ಮಾಂತ್ರಿಕನ್ನ ಒಮ್ಮೆರೆ ತಿರುಗಿ ಕೇಳ್ಯಾರೇನು?”

ಅದರ ಮುಂದಿನ ರವಿವಾರ ಬಂದ ಗಂಡು ಬೆಳಗಾವಿಯವನು, ಜೊತೆಗೆ ಅವನ ತಾಯಿ. ಹಾಡು ಆಯಿತು, ಅಡಿಗೆ ಆಯಿತು. ಅತ್ಯಾ ನಡೆದು ತೋರಿಸಿ ಕೂತಳು. ಅಣ್ಣ ನನ್ನ ಬೆನ್ನಿಗೆ ಚಿವುಟಿದ. ನಾನು ಎದ್ದು ನಿಂತು ಗಂಡನ್ನೇ ಕೇಳಿದೆ: “ನಿಮಗ ಹಾಡಲಿಕ್ಕೆ ಬರ್ತದೇನ್ರಿ? ಒಂಚೂರು ನಡದು ತೋರಸ್ರಿ.” ಪಾಪ, ಒಳ್ಳೆಯ ಮನುಷ್ಯನಿರಬೇಕು, ಎದ್ದೂಬಿಟ್ಟ. ತಾಯಿ ಅಂಗಿ ಹಿಡಿದು ಕೂರಿಸಿದಳು. ಅಜ್ಜ ನನ್ನ ಮೇಲೆ ಕೈ ಎತ್ತಿದ. ಆಗ ಅತ್ಯಾ ತಲೆ ಎತ್ತಿದಳು. “ಬಡೀಬ್ಯಾಡ್ರಿ ಅಪ್ಪಾ. ಕೂಸು ತಪ್ಪೇನೂ ಕೇಳಿಲ್ಲ. ನಂದೂ ಒಂದು ಕೇಳೋದದ” ಎಂದು ಬಂದವರ ಕಡೆ ತಿರುಗಿದಳು. “ಜೂನ್‌ನಾಗ ನಾ ನೌಕರಿಗೆ ಹೋಗ್ತೀನಿ. ನಿಮ್ಮ ಮನ್ಯಾಗ ನಡೀತದೇನ್ರಿ?” ತಾಯಿ ಮಗನನ್ನು ಎಬ್ಬಿಸಿಕೊಂಡು ಹೊರಟಳು. ಶಿರಾ ತಟ್ಟೆಯಲ್ಲೇ ಆರಿತು. ಅವತ್ತಿನಿಂದ ಅವಳು ಯಾರ ಮುಂದೆಯೂ ಕೂಡಲಿಲ್ಲ. ಅಜ್ಜ ತಿಂಗಳುಗಟ್ಟಲೆ ಅವಳನ್ನು ಮಾತಾಡಿಸಲಿಲ್ಲ. ಜೂನ್ ಬಂತು, ಅತ್ಯಾ ಊಟದ ಡಬ್ಬಿ ಕಟ್ಟಿಕೊಂಡು ಶಾಲೆಗೆ ಲೋಕಲ್ ರೈಲು ಹಿಡಿದಳು.

ಈಗ ಆ ಮನೆ ಇಲ್ಲ, ಅಜ್ಜ ಇಲ್ಲ. ಎರಡು ಸಾವಿರದ ದಶಕ ಮುಗಿಯುವ ಮೊದಲೇ ಅತ್ಯಾಳೂ ಹೋದಳು. ವೈಕುಂಠದ ಊಟಕ್ಕೆ ಬಂದ ನೆಂಟರೊಬ್ಬರು, “ಪಾಪ, ಮದಿವಿ ಇಲ್ದ ಸುಧಾನ ಬಾಳ್ವೆ ಹಂಗಽ ಹೋತು” ಎಂದು ಎಲೆಯ ಮುಂದೆ ನಿಟ್ಟುಸಿರು ಬಿಟ್ಟರು. ನಿಮ್ಮ ಮನೆಯಲ್ಲೂ ಅಂಥ ಒಬ್ಬ ಅತ್ಯಾ ಇದ್ದಿರಬಹುದು, ಅಂಥ ನಿಟ್ಟುಸಿರು ನೀವೂ ಕೇಳಿರಬಹುದು. ನನಗೆ ಮೈಯೆಲ್ಲ ಉರಿದುಹೋಯಿತು. ಏನು ಪಾಪ? ಅವಳು ಹೋಗುವ ಹಿಂದಿನ ಮಳೆಗಾಲದಲ್ಲಿ ನಾನು ಕೇಳಿದ್ದೆ, ಆ ಕೋಟೆಯ ರಾಜಕುಮಾರ, ರಾಜಕುಮಾರಿ ಕೊನೆಗೆ ಏನಾದರು ಎಂದು. ಉತ್ತರಪತ್ರಿಕೆಗಳ ರಾಶಿಯಿಂದ ತಲೆ ಎತ್ತಿ, ಕನ್ನಡಕದ ಮೇಲಿಂದ ನೋಡಿ, ನಿಜಕ್ಕೂ ಗೊತ್ತಿಲ್ಲದವಳ ಹಾಗೆ ಕೇಳಿದಳು, “ಯಾವ ರಾಜಕುಮಾರೀನವಾ?” ಅವತ್ತು ನನಗೆ ಅಳು ಬಂದಿತ್ತು. ಮತ್ತೆ ಮತ್ತೆ ಬರುತ್ತಿದ್ದ ಆ ದಿನ ಅವಳಿಗೆ ಬೇಕಾಗಿರಲಿಲ್ಲ, ಅದನ್ನು ದಾಟಿ ಹೋಗಿದ್ದಳು. ನೆನಪಿಟ್ಟುಕೊಳ್ಳುವ ಕೆಲಸ ನನ್ನದು, ನಾನು ಬಿಡುವವಳಲ್ಲ.