ಸೊರಬದಿಂದ ಹೊರಟ ಉಪ್ಪುನೀರಿನ ಜಾಡಿ

ಜಾಡಿ ಒಡೆಯಬಹುದಿತ್ತು. ಅರಗಿನ ಮುದ್ರೆ ಬಿಸಿಲಿಗೆ ಕರಗಬಹುದಿತ್ತು. ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು, ನಾನು ತೂಕಡಿಸಿ ಪೆಟ್ಟಿಗೆ ಬಿಟ್ಟು ಇಳಿದುಬಿಡಬಹುದಿತ್ತು, ಪ್ರಯೋಗಾಲಯದವರು ಸಹಿ ಸರಿಯಿಲ್ಲ ಎಂದು ವಾಪಸು ಕಳಿಸಬಹುದಿತ್ತು. ಪೊಲೀಸ್ ಪೇದೆಯಾಗಿ ಸೇರಿದಾಗಿನಿಂದ ನನ್ನ ನಿಜವಾದ ಕೆಲಸ ಚಿಂತೆ ಮಾಡುವುದೇ. ಆದರೆ ದೆವ್ವಗಿವ್ವದ ಚಿಂತೆ ಮಾತ್ರ ಎಂದೂ ಇರಲಿಲ್ಲ. ಶವಾಗಾರದ ಬಾಗಿಲಲ್ಲಿ ಕೂತು ಬುತ್ತಿ ಉಂಡವನು ನಾನು.

ಕೆಲವು ವರ್ಷಗಳ ಹಿಂದಿನ ಮಾತು. ಉಳವಿ ಕಡೆಯ ಒಬ್ಬ ಅಜ್ಜ, ಹೃದಯದ ಕಾಯಿಲೆಯವನು, ಸಣ್ಣ ನರ್ಸಿಂಗ್ ಹೋಮೊಂದರಲ್ಲಿ ಇಂಜೆಕ್ಷನ್ ತಗೊಂಡ ಸ್ವಲ್ಪ ಹೊತ್ತಿಗೆ ತೀರಿಕೊಂಡ. ನರ್ಸ್ ತಪ್ಪು ಔಷಧಿ ಕೊಟ್ಟಳೆಂದು ಮಾತಾಯಿತು, ಕೆಲಸದಿಂದಲೂ ತೆಗೆದರು. ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರು, ಹೃದಯದ ತುಂಡೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೆಂದು ಫಾರ್ಮಲಿನ್ನಿಗೆ ಹಾಕಿದರು. ಔಷಧಿ, ವಿಷ ಹುಡುಕುವ ರಾಸಾಯನಿಕ ಪರೀಕ್ಷೆಗೆ ಫಾರ್ಮಲಿನ್ ಆಗದು. ಅದಕ್ಕೆ ಕಳಿಸುವ ಹೊಟ್ಟೆ, ಪಿತ್ತಜನಕಾಂಗದ ಭಾಗಗಳಿಗೆ ಉಪ್ಪುನೀರು. ಕರಗದ ಉಪ್ಪು ತಳದಲ್ಲಿ ನಿಲ್ಲುವವರೆಗೂ ಹಾಕಬೇಕು. ನಿಂತಿದೆಯೇ ಎಂದು ನಾನು ಬಗ್ಗಿ ಬಗ್ಗಿ ನೋಡಿದೆ. "ಪರೀಕ್ಷೇನೂ ನೀವೇ ಮಾಡ್ತೀರೇನ್ರೀ?" ಎಂದರು ಡಾಕ್ಟರು.

ಮರುದಿನ ಬೆಳಿಗ್ಗೆ ಜಾಡಿಗಳಿದ್ದ ಪೆಟ್ಟಿಗೆಯನ್ನು ಪ್ರಯೋಗಾಲಯಕ್ಕೆ ಮುಟ್ಟಿಸಲು ಹೊರಟರೆ, ಸೊರಬದ ಬಸ್ ನಿಲ್ದಾಣದಲ್ಲಿ ಆ ನರ್ಸ್ ಕಾಯುತ್ತಿದ್ದಳು. "ಅಣ್ಣಾ, ಚೀಟೀಲಿ ಬರ್ದಿದ್ದನ್ನೇ ನಾನು ಕೊಟ್ಟಿದ್ದು. ಹುಷಾರಾಗಿ ಮುಟ್ಟಿಸ್ರಿ," ಅಂದಳು. ಆಮೇಲೆ ಪೆಟ್ಟಿಗೆ ನೋಡುತ್ತ, "ಉಪ್ಪಿಲ್ಲದ ಗಂಜಿ ಅಂತ ಅಜ್ಜ ದಿನಾ ಬೈತಿದ್ರು. ಒಂದು ಚಿಟಿಕೆ ಹಾಕವ್ವಾ ಅಂತ ಕೊನೇ ದಿನಾನೂ ಕೇಳಿದ್ರು. ಡಾಕ್ಟ್ರು ಬೇಡ ಅಂದಿದ್ರು, ನಾನು ಹಾಕ್ಲಿಲ್ಲ," ಅಂದಳು.

"ಏನ್ರೀ ಅದು, ಜೇನಾ?" ಎಂದ ಕಂಡಕ್ಟರ್, ಆಮೇಲೆ ಮುದ್ರೆ ಕಂಡ. "ಹಂಗಾರೆ ನೀವೇ ತೊಡೆ ಮೇಲೆ ಇಟ್ಕಳ್ರಿ." ಪಕ್ಕದ ಸೀಟಿಗೆ ಯಾರೂ ಬರಲಿಲ್ಲ. ಅದೇನು ಹೊಸದಲ್ಲ, ಮನೆಯಲ್ಲೂ ನನ್ನ ಎದುರಿನ ಕುರ್ಚಿ ಖಾಲಿಯೇ. ಪೆಟ್ಟಿಗೆಯ ಮೇಲೆ ಬುತ್ತಿಯ ಚೀಲ ಇಟ್ಟುಕೊಂಡು ಕೂತೆ. ಊಟ ಮಾಡಲು ಧೈರ್ಯ ಬರಲಿಲ್ಲ, ಕೈ ತಪ್ಪಿದರೆ?

ಏನೂ ಆಗಲಿಲ್ಲ. ಪೆಟ್ಟಿಗೆ ಮುಟ್ಟಿತು. ತಿಂಗಳುಗಳಾದ ಮೇಲೆ ವರದಿ ಬಂತು: ದೇಹದಲ್ಲಿದ್ದದ್ದು ಬರೆದ ಔಷಧಿಯೇ, ಹೆಚ್ಚಿರಲಿಲ್ಲ, ಹೃದಯದ ಸ್ನಾಯು ಇಂಜೆಕ್ಷನ್ನಿಗೆ ಎಷ್ಟೋ ಮುಂಚೆಯೇ ಸಾಯತೊಡಗಿತ್ತು. ಈಗ ಆ ನರ್ಸ್ ಶಿಕಾರಿಪುರದಲ್ಲಿ ಕೆಲಸದಲ್ಲಿದ್ದಾಳೆ.

ಆವತ್ತು ವಾಪಸು ಬರುವಾಗ ಅದೇ ಶಿಕಾರಿಪುರದ ನಿಲ್ದಾಣದ ಬೆಂಚಿನಲ್ಲಿ ಕೂತು ಬುತ್ತಿ ಬಿಚ್ಚಿದೆ. ನಾನೇ ಕಲಸಿದ ಮೊಸರನ್ನ. ಹಾಕಿದೆನೋ ಇಲ್ಲವೋ ಎಂದು ಉಪ್ಪನ್ನು ಎರಡೆರಡು ಸಲ ಹಾಕುವ ಪ್ರಾಣಿ ನಾನು. ಅನ್ನ ಸಪ್ಪೆಯಿತ್ತು. ಮರೆತೆನೇನೋ ಎಂದು ಉಪ್ಪಿನಕಾಯಿ ನೆಂಚಿಕೊಂಡೆ. ಹುಳಿ ಇತ್ತು, ಖಾರ ಇತ್ತು, ಉಪ್ಪಿರಲಿಲ್ಲ. ನಾಲಿಗೆಯೇ ಕೆಟ್ಟಿತೆಂದು ಗಾಡಿಯವನ ಹತ್ತಿರ ಉಪ್ಪುಗಡಲೆ ಕೊಂಡೆ. ಅದು ಸರಿಯಾಗಿಯೇ ಇತ್ತು. ಮನೆಗೆ ಬಂದು ಅದೇ ಭರಣಿಯ ಉಪ್ಪಿನಕಾಯಿ ನೆಕ್ಕಿದರೆ ಬಾಯಿಗಿಡಲಾರದಷ್ಟು ಉಪ್ಪು.

ಯಾರಿಗೆ ಹೇಳಲಿ? ಹೇಳಿದ್ದರೆ ನನ್ನನ್ನೇ ಪರೀಕ್ಷೆಗೆ ಕಳಿಸುತ್ತಿದ್ದರು. ಇವತ್ತಿಗೂ ಇದು ನನಗೆ ಬಗೆಹರಿದಿಲ್ಲ. ಕೆಡಬಹುದಾಗಿದ್ದ ಅಷ್ಟೆಲ್ಲದರಲ್ಲಿ ಆ ದಿನ ಕೆಟ್ಟದ್ದು ಇಷ್ಟೇ: ನನ್ನ ಬುತ್ತಿಯಲ್ಲಿ ಉಪ್ಪಿರಲಿಲ್ಲ.