ಬೂತಾಯಿ ಪಾಸು ಮಾಡಿದ ಬಣ್ಣ

ಬೆಳಿಗ್ಗೆ ಮೊಮ್ಮಗಳ ಕೆಲಸದ ನೀಲಿ ಕೋಟನ್ನು ಒಗೆಯಲು ಬಕೆಟಿಗೆ ಹಾಕಿದೆ ನೋಡಿ, ಬಣ್ಣಕ್ಕೆ ಬೆರೆಸುವ ಥಿನ್ನರ್ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಬೇರೆಯವರಾದರೆ ಮುಖ ತಿರುಗಿಸುತ್ತಿದ್ದರು. ನಾನು ಬಗ್ಗಿ ಇನ್ನೊಮ್ಮೆ ಮೂಸಿದೆ. ಕಾಪುವಿನ ಮನೆಮನೆಗೆ ನಲವತ್ತು ವರ್ಷ ಮೀನು ಹೊತ್ತವಳ ಮೂಗು ಇದು, ಯಾವ ವಾಸನೆಗೂ ಹೆದರುವುದಿಲ್ಲ. ಈ ವಾಸನೆಗಂತೂ ಹಿಗ್ಗುತ್ತದೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಕುಳಿತುಕೊಳ್ಳಿ. ನನ್ನ ಮಾತು ನೇರ ಹೋಗುವುದಿಲ್ಲ. ಮೀನು ಮಾರಿದವಳಲ್ಲವೇ, ನಾಲ್ಕು ಮನೆ ಹೊಕ್ಕೇ ಹೋಗುವುದು.

ದೀಕ್ಷಾ ನನ್ನ ಮಗಳ ಮಗಳು. ಐಟಿಐಯಲ್ಲಿ ಕಾರಿಗೆ ಬಣ್ಣ ಹೊಡೆಯುವುದನ್ನು ಕಲಿತಳು. ಕಟಪಾಡಿಯ ಒಂದು ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿತು ಎಂದಾಗ ನಾನು ನೆರೆಕರೆಗೆಲ್ಲ ಲಡ್ಡು ಹಂಚಿದೆ. ಹಂಚಿ ಮುಗಿದ ಮೇಲೆ ಗೊತ್ತಾಯಿತು, ಗ್ಯಾರೇಜಿನ ಯಜಮಾನ ಜಯಣ್ಣ ಅವಳನ್ನು ಕೂರಿಸಿದ್ದು ಬಿಲ್ ಬರೆಯುವ ಮೇಜಿನ ಮುಂದೆ. "ಹೆಣ್ಣುಮಕ್ಕಳ ಅಕ್ಷರ ಚೆಂದ ಅಲ್ವಾ" ಎಂದರಂತೆ. ಕೊಟ್ಟ ಲಡ್ಡು ವಾಪಸು ಕೇಳಲಿಕ್ಕೆ ಆಗುತ್ತದೆಯೇ? ಒಂದೂವರೆ ವರ್ಷ ನನ್ನ ಹುಡುಗಿ ಬೇರೆಯವರು ಹೊಡೆದ ಬಣ್ಣಕ್ಕೆ ಬಿಲ್ ಬರೆದಳು. ಮನೆಗೆ ಬಂದಾಗ ಅವಳ ಬೆರಳಲ್ಲಿ ಇರುತ್ತಿದ್ದದ್ದು ಪೆನ್ನಿನ ಶಾಯಿ ಮಾತ್ರ.

ಒಂದು ವಾರ ಬಣ್ಣದ ಕೆಲಸದವರು ಇಬ್ಬರೂ ಒಟ್ಟಿಗೆ ರಜೆ ಹಾಕಿದರು. ಆಗ ಜಯಣ್ಣ ಒಂದು ಹಳೆಯ ಕಾರು ತೋರಿಸಿ ಹೇಳಿದರಂತೆ: "ಎಂಜಿನ್ ಇಳಿಸಿ ಆಗಿದೆ. ಅದು ಕೂರುವ ಜಾಗಕ್ಕೆ ನೀನು ಬಣ್ಣ ಹೊಡಿ. ಸರಿಯಾದರೆ ಬಣ್ಣದ ಶೆಡ್ಡಿನಲ್ಲೇ ಇರು. ಹಾಳಾದರೆ ನಿನ್ನ ಮೇಜು ಉಂಟಲ್ಲ."

ಕಾರು ಕುಕ್ಕುಂದೂರಿನ ಒಬ್ಬ ರಿಟೈರ್ ಆದ ಮೇಷ್ಟ್ರದ್ದು. ದಿನಾ ಬೆಳಿಗ್ಗೆ ಬಾನೆಟ್ ಎತ್ತಿ, ದೇವರ ಕೋಣೆಗೆ ಇಣುಕಿದ ಹಾಗೆ ಇಣುಕುವ ಜನವಂತೆ.

ದೀಕ್ಷಾ ಮೂರು ತಗಡಿನ ತುಂಡುಗಳಿಗೆ ಬಣ್ಣ ಹೊಡೆದು, ಚೆನ್ನಾಗಿ ಒಣಗಿಸಿ, ಮನೆಗೆ ತಂದಳು. ಮೂರೂ ಕಪ್ಪೇ. ಒಂದು ಕನ್ನಡಿಯಂತೆ ಹೊಳೆಯುವ ಗ್ಲಾಸಿ. ಒಂದು ಇದ್ದಿಲಿನಂತೆ ಹೊಳಪೇ ಇಲ್ಲದ ಮ್ಯಾಟ್. ಇನ್ನೊಂದು ಎರಡರ ನಡುವಿನದು, ಸೆಮಿಗ್ಲಾಸ್. ಜಗಲಿಯಲ್ಲಿ ಸಾಲಾಗಿಟ್ಟು ಗಲ್ಲಕ್ಕೆ ಕೈಕೊಟ್ಟು ಕುಳಿತಳು.

"ಮುಚ್ಚಿಡುವ ಜಾಗಕ್ಕೆ ಇಷ್ಟು ತಲೆಬಿಸಿಯಾ ಮಗಾ?" ಎಂದೆ.

"ಜಯಣ್ಣ ಮ್ಯಾಟ್ ಹೊಡಿ ಅಂತಾರೆ, ಈಗ ಅದೇ ಫ್ಯಾಶನ್ ಅಂತೆ. ನನಗೆ ಗ್ಲಾಸಿ ಚೆಂದ ಕಾಣ್ತದೆ. ತಪ್ಪಿದ್ರೆ ಪುನಃ ಬಿಲ್ ಬುಕ್ಕು ಅಜ್ಜಿ."

ಅವಳ ಸ್ವರ ಸಣ್ಣದಾಯಿತು. ಅವಳು ಸ್ನಾನಕ್ಕೆ ಹೋದಳು. ನನಗೆ ನನ್ನ ಅತ್ತೆ ನೆನಪಾದರು. ನಾವು ಮಾಮಿ ಎನ್ನುವುದು.

ಬಿದಿರಿನ ಬುಟ್ಟಿಯಿಂದ ನೀರು ಸೋರಿ ಕುತ್ತಿಗೆಗೆ ಇಳಿಯುತ್ತದೆಂದು ಮಾಮಿ ಒಮ್ಮೆ ಅಲ್ಯೂಮಿನಿಯಂ ಬೋಗುಣಿ ಕೊಳ್ಳಲು ನನ್ನನ್ನು ಉಡುಪಿಗೆ ಕರೆದೊಯ್ದಿದ್ದರು. ನಾನು ಹೊಸ ಸೊಸೆ. ಮೈಯೆಲ್ಲ ಚುಕ್ಕೆ ಚುಕ್ಕೆ ಗುಳಿಯ ಚಿತ್ತಾರವಿದ್ದ ಬೋಗುಣಿಗೆ ಮರುಳಾಗಿ ಅದನ್ನೇ ಅಪ್ಪಿಕೊಂಡು ನಿಂತಿದ್ದೆ. ಮಾಮಿ ಸೆರಗಿನ ಗಂಟು ಬಿಚ್ಚಿ, ಬಾಳೆಲೆಯ ಚೂರಿನಲ್ಲಿ ಸುತ್ತಿದ ಒಂದು ಬೂತಾಯಿ ಮೀನು ತೆಗೆದರು. ನನ್ನ ಬೋಗುಣಿಗೊಮ್ಮೆ, ನುಣುಪಾದ ಇನ್ನೊಂದಕ್ಕೊಮ್ಮೆ ತಿಕ್ಕಿಯೇ ಬಿಟ್ಟರು!

"ಅಯ್ಯಯ್ಯೋ, ಎಂತ ಮಾಡ್ತೀರಿ ಮಾರಾಯ್ರೆ! ಇದು ಪಾತ್ರೆ ಅಂಗಡಿ!" ಅಂಗಡಿಯವರು ಎದ್ದು ನಿಂತರು.

"ಅದರಲ್ಲಿ ನಾನು ಮಲ್ಲಿಗೆ ಮಾರುವುದಲ್ಲ" ಎಂದರು ಮಾಮಿ. "ಮೀನಿನ ಪಾತ್ರೆಯನ್ನು ಮೀನಿನ ಹತ್ರವೇ ಕೇಳಬೇಕು."

ಬಟ್ಟೆಯಿಂದ ಒರೆಸಿದರೆ ನುಣುಪಿನದು ಶುದ್ಧವಾಯಿತು. ನನ್ನ ಚಿತ್ತಾರದ ಗುಳಿಗುಳಿಯಲ್ಲೂ ಜಿಡ್ಡು ಕೂತಿತ್ತು. ನಾವು ಎರಡನ್ನೂ ತೊಳೆದುಕೊಟ್ಟು ಒಂದನ್ನು ತಂದೆವು.

ಇನ್ನು ನೀವು ಊಹಿಸಿರುತ್ತೀರಿ. ಅಡುಗೆಮನೆಯಲ್ಲಿ ಮಲ್ಪೆಯಿಂದ ಬಂದ ಬೂತಾಯಿ ಇತ್ತು. ಮೀನಿಗೆ ಎಣ್ಣೆ ತುಂಬಿದ ಕಾಲ ಬೇರೆ. ಮೂರು ತಗಡಿಗೂ ಒಂದೊಂದು ಮೀನು ಚೆನ್ನಾಗಿ ತಿಕ್ಕಿದೆ.

ದೀಕ್ಷಾ ತಲೆ ಒರೆಸುತ್ತಾ ಹೊರಗೆ ಬಂದವಳು ಕಿರುಚಿದಳು. "ಅಜ್ಜೀ! ನನ್ನ ಸ್ಯಾಂಪಲ್! ಇದೆಂತ ಮಂಡೆಪೆಟ್ಟು ನಿಮ್ಮದು!"

"ಎಂಜಿನ್ ಎಣ್ಣೆ ಕಕ್ಕುವುದಿಲ್ವಾ? ಇದೂ ಎಣ್ಣೆಯೇ. ಬಟ್ಟೆ ತಾ, ಒರೆಸು" ಎಂದೆ.

ಬೈದುಕೊಂಡೇ ಒರೆಸಿದಳು. ಗ್ಲಾಸಿಯ ಜಿಡ್ಡು ಒಂದೇ ಸಲಕ್ಕೆ ಹೋಯಿತು. ಮ್ಯಾಟ್ ಎಷ್ಟು ಉಜ್ಜಿದರೂ ಜಿಡ್ಡನ್ನು ಕುಡಿದುಕೊಂಡು ಕಲೆಕಲೆಯಾಯಿತು. ನಾನು ಗೆದ್ದೆ ಎಂದು ಗ್ಲಾಸಿಯನ್ನು ಬಿಸಿಲಿಗೆ ಎತ್ತಿ ಹಿಡಿದೆ. ಅಲ್ಲಿ ನನ್ನ ಜಂಬ ಇಳಿಯಿತು. ಹಳೆಯ ತಗಡಿನ ಉಬ್ಬು, ತಗ್ಗು, ಸುತ್ತಿಗೆಯ ಪೆಟ್ಟು ಎಲ್ಲ ಹೊಳಪಿನಲ್ಲಿ ಎದ್ದು ಕಾಣುತ್ತಿತ್ತು, ಹಬ್ಬದ ಪೌಡರ್ ಹಾಕಿದ ನನ್ನ ಮುಖದ ಸುಕ್ಕಿನ ಹಾಗೆ.

ದೀಕ್ಷಾ ಬೈಯುವುದನ್ನು ನಿಲ್ಲಿಸಿದ್ದಳು. ನಡುವಿನ ಸೆಮಿಗ್ಲಾಸ್ ತಗಡನ್ನು ತಾನೇ ಎತ್ತಿಕೊಂಡು ಎರಡು ಸಲ ಒರೆಸಿದಳು, ಜಿಡ್ಡು ಹೋಯಿತು. ಬಿಸಿಲಿಗೆ ಹಿಡಿದಳು, ಉಬ್ಬುತಗ್ಗು ಕಾಣಲಿಲ್ಲ.

"ಮೇಷ್ಟ್ರ ಕಾರಿನ ಒಳಗೆ ಪೂರ್ತಿ ಹಳೇ ವೆಲ್ಡಿಂಗ್ ಅಜ್ಜಿ" ಎಂದಳು ಮೆಲ್ಲಗೆ. "ಇದೇ ಸರಿ."

ಮ್ಯಾಟ್ ತಗಡನ್ನು ಪಕ್ಕದ ಮನೆಯ ಬೆಕ್ಕು ಎರಡು ದಿನ ನೆಕ್ಕಿತು ಎಂಬುದನ್ನು ಇಲ್ಲಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಮರುದಿನ ಅವಳು ಗ್ಯಾರೇಜಿನಲ್ಲಿ ಹಳೇ ಎಂಜಿನ್ ಆಯಿಲ್ ಸುರಿದು ಅದೇ ಪರೀಕ್ಷೆ ಮಾಡಿ ಜಯಣ್ಣನಿಗೆ ತೋರಿಸಿದಳು. "ನಿನ್ನ ಇಷ್ಟ. ಮೇಷ್ಟ್ರು ಬೈದರೆ ನನ್ನನ್ನು ಎಳೀಬೇಡ" ಎಂದರಂತೆ ಅವರು.

ಕಾರು ಕೊಡುವ ದಿನ ನಾನು ಊಟದ ಬುತ್ತಿಯ ನೆಪ ಮಾಡಿ ಕಟಪಾಡಿಗೆ ಬಸ್ಸು ಹತ್ತಿದೆ. ಮೇಷ್ಟ್ರು ಬಂದರು. ಬಾನೆಟ್ ಎತ್ತಿದರು. ಎಂಜಿನ್ ಪುನಃ ಕೂತಿತ್ತು, ಸುತ್ತ ನಮ್ಮ ಕಪ್ಪು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನೋಡಿದರು. ದೀಕ್ಷಾಳ ಕೈ ಕೋಟಿನ ಅಂಚನ್ನು ಹಿಂಡುತ್ತಿತ್ತು.

"ಹೊಸತು ಮಾಡಿದ ಹಾಗೆ ಕಾಣುವುದಿಲ್ಲವಲ್ಲ" ಎಂದರು ಮೇಷ್ಟ್ರು.

ಜಯಣ್ಣ ದೀಕ್ಷಾಳನ್ನು ನೋಡಿದರು. ನಾನು ಬುತ್ತಿ ಬಿಸಾಡಿ ಮೇಷ್ಟ್ರ ಜೊತೆ ಜಗಳಕ್ಕೆ ನಿಲ್ಲುವುದೇ ಎಂದು ಯೋಚಿಸಿದೆ. ಮೀನು ಮಾರ್ಕೆಟಿನ ಭಾಷೆ ನನಗೆ ಮರೆತಿಲ್ಲ.

"ನಾನು ಇದನ್ನು ತಗೊಂಡ ದಿನ ಒಳಗೆ ಹೀಗೆಯೇ ಇತ್ತು" ಎಂದರು ಅವರು. "ಇದೇ ಹೊಳಪು. ನನಗೆ ಮರೆತೇ ಹೋಗಿತ್ತು. ಯಾರು ಮಾಡಿದ್ದು ಮಾರಾಯ್ರೆ?"

ಜಯಣ್ಣ ಗಂಟಲು ಸರಿಮಾಡಿಕೊಂಡರು. "ನಮ್ಮ ಹುಡುಗಿಯೇ" ಎಂದರು. ಮತ್ತೆ ಅಭ್ಯಾಸಬಲದಿಂದ, "ದೀಕ್ಷಾ, ಬಿಲ್ ಬರಿ" ಎಂದರು.

ಅವಳು ಆಗಲೇ ಇನ್ನೊಂದು ಕಾರಿನ ಬಾಗಿಲಿಗೆ ಹೋಗಿ ಎಮರಿ ಕಾಗದ ಹಿಡಿದು ಉಜ್ಜುತ್ತಿದ್ದಳು. "ಕೈ ಪೂರಾ ಧೂಳು ಜಯಣ್ಣ, ನೀವೇ ಬರೀರಿ" ಎಂದಳು. ಜಯಣ್ಣ ಹೋಗಿ ಮೇಜಿನ ಮುಂದೆ ಕುಳಿತು ಬರೆದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಇಣುಕಿ ನೋಡಿದೆ. ಅವರ ಅಕ್ಷರ ನನ್ನ ಅಕ್ಷರಕ್ಕಿಂತಲೂ ಕಡೆ.

ಈಗ ನನಗೊಂದು ಹೊಸ ಚಟ ಹಿಡಿದಿದೆ. ಯಾವ ಕಾರು ಕಂಡರೂ ಬಾನೆಟ್ ಎತ್ತಿ ನೋಡಬೇಕು ಎನಿಸುತ್ತದೆ. ಕೋಟು ಒಗೆದು ಹಾಕಿ ಪೇಟೆಗೆ ಹೋದವಳು ಈ ಹೊತ್ತು ಕೇಳಿಯೇ ಬಿಟ್ಟೆ, ನಿಂತಿದ್ದ ಒಬ್ಬ ಟ್ಯಾಕ್ಸಿಯವನನ್ನು. ಪಾಪ, ನಗುತ್ತಾ ಎತ್ತಿ ತೋರಿಸಿದ. ಒಳಗೆಲ್ಲ ಮ್ಯಾಟ್, ಕಲೆಕಲೆ.

"ಇದು ಆಗುವುದಿಲ್ಲ ಮಾರಾಯ. ಕಟಪಾಡಿಗೆ ಹೋಗಿ ಜಯಣ್ಣನ ಗ್ಯಾರೇಜಿನಲ್ಲಿ ದೀಕ್ಷಾ ಅಂತ ಕೇಳು" ಎಂದೆ.

"ಯಾರಜ್ಜಿ, ಆ ಬಿಲ್ ಬರೆಯುವ ಹುಡುಗಿಯಾ?"

"ಅಲ್ಲ ಮಗಾ" ಎಂದೆ, ಪೇಟೆಗೆಲ್ಲ ಕೇಳುವ ಹಾಗೆ. "ಬಣ್ಣ ಹೊಡೆಯುವವಳು."